ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಪುಟ್ಟ ಮಕ್ಕಳ ಜೊತೆ ಆರಾಮಾಗಿ ನಡೆಯಬಹುದಾದ ಜಾಗ ಯಾವುದು? ತಳ್ಳುಗಾಡಿಯೂ ಇದೆ

ನಾನಂತೂ ಮೊದಲು ಹೇಳುವುದು ಪೀಕ್ ಡಿಸ್ಟ್ರಿಕ್ಟಿನ ಮಾನ್ಸಲ್ ಟ್ರೈಲ್. ಇದು 1968ರಲ್ಲಿ ಮುಚ್ಚಿದ ರೈಲು ದಾರಿ, ಹಾಗಾಗಿ ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು, ತಳ್ಳುಗಾಡಿ ಸಲೀಸಾಗಿ ಹೋಗುತ್ತದೆ, ಜೊತೆಗೆ 2011ರಲ್ಲಿ ಮತ್ತೆ ತೆರೆದ ಹಳೆಯ ಸುರಂಗಗಳಿವೆ. ಒಳಗೆ ಹಗಲಲ್ಲಿ ದೀಪ ಇರುತ್ತದೆ, ಮಕ್ಕಳು ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತಾ ನಡೆದುಬಿಡುತ್ತಾರೆ. ಪೂರ್ತಿ ದಾರಿ ಸುಮಾರು 14 ಕಿಲೋಮೀಟರ್. ಅಷ್ಟೂ ನಡೆಯಬೇಕಿಲ್ಲ. ಬೇಕ್‌ವೆಲ್ ಊರಿನ ಕಡೆಯಿಂದ ಹೊರಟು, ನದಿಯ ಮೇಲಿನ ಎತ್ತರದ ಕಲ್ಲು ಸೇತುವೆ ನೋಡಿ ವಾಪಸ್ ಬನ್ನಿ. ಸೈಕಲ್‌ಗಳೂ ಓಡಾಡುತ್ತವೆ, ಮಕ್ಕಳ ಕೈ ಹಿಡಿದಿರಿ.

ಕೆರೆ ಸುತ್ತಬೇಕು ಅಂದರೆ ಲೇಕ್ ಡಿಸ್ಟ್ರಿಕ್ಟಿನ ಟಾರ್ನ್ ಹೌಸ್ ಅನ್ನೋ ಕೆರೆಗೆ ಹೋಗಿ. ಒಂದು ಸುತ್ತು 3 ಕಿಲೋಮೀಟರ್ ಆಸುಪಾಸು.

ಹೊಲಗಳ ನಡುವಿನ ಕಾಲುದಾರಿ ಮಾತ್ರ ಬೇರೆ ಕಥೆ. ಹಳದಿ ಬಾಣದ ಗುರುತು ಇದ್ದರೆ ಖಾಸಗಿ ಜಮೀನಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಆದರೆ ಅಲ್ಲಿ ಬೇಲಿ ದಾಟಲು ಮೆಟ್ಟಿಲು ಹತ್ತಬೇಕಾಗುತ್ತದೆ, ತಳ್ಳುಗಾಡಿ ಎತ್ತಿ ಎತ್ತಿ ಸುಸ್ತಾಗುತ್ತದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದೇ ಮೇಲು. ಕರು ಜೊತೆಗಿರುವ ಹಸುಗಳ ಹತ್ತಿರ ಸುಮ್ನೆ ಹೋಗಬೇಡಿ, ದೂರದಿಂದ ಬಳಸಿಕೊಂಡು ಹೋಗಿ. ಮುಚ್ಚಿದ್ದ ಗೇಟನ್ನು ತೆರೆದರೆ ಮತ್ತೆ ಮುಚ್ಚಿ. ಬೇಸಿಗೆಯಾದರೂ ಮಳೆ ಕೋಟು ಇರಲಿ.