ರಿಮೋಟ್ ಡೆಸ್ಕ್‌ಟಾಪ್ ಸರ್ವರ್‌ಗೆ ಲಾಗಿನ್ ಆಗಲು 4 ನಿಮಿಷ ಯಾಕೆ ಬೇಕು?

ಕೋಲಾರದ ಟೊಮೆಟೊ ಮಂಡಿ ಕಚೇರಿಯಲ್ಲಿ 12 ಜನ ಒಂದೇ ವಿಂಡೋಸ್ ಸರ್ವರ್ (ನೆಟ್‌ವರ್ಕ್ ಮೂಲಕ ಎಲ್ಲರೂ ಲಾಗಿನ್ ಆಗಿ ಕೆಲಸ ಮಾಡುವ ಕಂಪ್ಯೂಟರ್) ಬಳಸುತ್ತೀರಿ, ಬೆಳಿಗ್ಗೆ ಲಾಗಿನ್ ಮಾತ್ರ ನಿಧಾನ, ಒಳಗೆ ಹೋದ ಮೇಲೆ ಎಲ್ಲ ಸರಿ ಅಂದಿದ್ದೀರಿ. ಹಾಗಿದ್ದರೆ ಮೊದಲು ನೋಡಬೇಕಾದದ್ದು ಯೂಸರ್ ಪ್ರೊಫೈಲ್. ಸುಮ್ನೆ ರ‍್ಯಾಮ್ ಹಾಕಿಸಿ ದುಡ್ಡು ಕಳೆಯಬೇಡಿ.

ಪ್ರೊಫೈಲ್ ಅಂದರೆ ಒಬ್ಬರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಸೆಟ್ಟಿಂಗ್ಸ್ ಎಲ್ಲ ಇರುವ ಗಂಟು. ಅದು ರೋಮಿಂಗ್ ಪ್ರೊಫೈಲ್ ಆಗಿದ್ದರೆ ಬೇರೆ ಕಡೆ ಇಟ್ಟಿರುತ್ತಾರೆ. ಲಾಗಿನ್ ಆದಾಗ ಹೊಸದಾದ, ಬದಲಾದ ಫೈಲ್‌ಗಳು ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಬರಬೇಕು. ಸರ್ವರ್‌ನಲ್ಲಿ ಹಳೆ ಪ್ರತಿ ಉಳಿಸದಿದ್ದರೆ ಇಡೀ ಗಂಟೇ ಬರಬೇಕು. ಸಾವಿರಾರು ಚಿಕ್ಕ ಫೈಲ್‌ಗಳು ಅಷ್ಟೇ ಗಾತ್ರದ ಒಂದು ದೊಡ್ಡ ಫೈಲ್‌ಗಿಂತ ಜಾಸ್ತಿ ಹೊತ್ತು ತಿನ್ನುತ್ತವೆ. ಹರಾಜಿಗೆ ಮುಂಚೆ ಎಲ್ಲರೂ ಒಟ್ಟಿಗೆ ಬಂದರೆ ಡಿಸ್ಕ್ ಮುಂದೆ ಕ್ಯೂ ನಿಲ್ಲುತ್ತದೆ, ಅಲ್ವಾ?

ಪರೀಕ್ಷೆ ಸುಲಭ. ಒಂದು ಹೊಸ ಯೂಸರ್ ಮಾಡಿ, ಲಾಗಿನ್, ಲಾಗಾಫ್, ಮತ್ತೆ ಲಾಗಿನ್ ಆಗಿ. ಮೊದಲ ಸಲ ಪ್ರೊಫೈಲ್ ಹೊಸದಾಗಿ ತಯಾರಾಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ಸಲ ಬೇಗ ಆದರೆ ಹೆಚ್ಚಾಗಿ ಹಳೆ ಪ್ರೊಫೈಲ್‌ಗಳೇ ಭಾರ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡಕ್ಕೂ ಫೋಲ್ಡರ್ ರಿಡೈರೆಕ್ಷನ್ (ಆ ಫೋಲ್ಡರ್‌ಗಳನ್ನು ನೆಟ್‌ವರ್ಕ್‌ನ ಒಂದು ಜಾಗದಲ್ಲಿಟ್ಟು ಅಲ್ಲಿಂದಲೇ ತೆರೆಯುವ ವ್ಯವಸ್ಥೆ) ಹಾಕಿಸಿ. ಆಗ ಫೈಲ್‌ಗಳು ಇದ್ದಲ್ಲೇ ಇರುತ್ತವೆ, ಕಾಪಿ ಆಗುವುದಿಲ್ಲ.

ಹೊಸ ಯೂಸರ್‌ಗೂ ನಿಧಾನವಾದರೆ ತೊಂದರೆ ಎಲ್ಲರಿಗೂ ಸೇರಿದ್ದು. ಈಗಿಲ್ಲದ ಪ್ರಿಂಟರ್, ತೆಗೆದುಹಾಕಿದ ನೆಟ್‌ವರ್ಕ್ ಡ್ರೈವ್ ಅಥವಾ ತಪ್ಪು ಡಿಎನ್‌ಎಸ್ (ಕಂಪ್ಯೂಟರ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಇದೆಯೇ ನೋಡಿ. ಸಿಗದ ಜಾಗವನ್ನು ಹುಡುಕುತ್ತಾ ವಿಂಡೋಸ್ ಕಾಯುತ್ತಲೇ ಇರುತ್ತದೆ.