ಅಜ್ಜನ ಟ್ರಂಕಿನಲ್ಲಿ ಸಿಕ್ಕ ಐರನ್ ಕ್ರಾಸ್ ಅಸಲಿಯಾ?

ಪ್ರಶ್ನೆ: ನಮ್ಮಜ್ಜ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾಕ್ಕೆ ಹೋಗಿದ್ದರಂತೆ. ಅವರ ಟ್ರಂಕಿನಲ್ಲಿ ಐರನ್ ಕ್ರಾಸ್ ಎಂಬ ಜರ್ಮನ್ ಸೇನಾ ಪದಕ ಸಿಕ್ಕಿದೆ. ಮಧ್ಯೆ ಸ್ವಸ್ತಿಕ, ಅದರ ಕೆಳಗೆ 1939 ಎಂದಿದೆ. ಇದು ಅಸಲಿಯಾ? ಪಾಲಿಶ್ ಮಾಡಿಸಿ ಫ್ರೇಮ್ ಹಾಕಿಸಬಹುದಾ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಪಾಲಿಶ್ ವಿಚಾರ ಬಿಡಿ. ಕಪ್ಪು ಬಣ್ಣ ಹೋದರೆ, ಬೆಳ್ಳಿ ಅಂಚಿನ ಹಳೆಯ ಮಬ್ಬು ಅಳಿಸಿದರೆ, ವಸ್ತುವಿನ ವಯಸ್ಸು ಹೇಳುವ ಗುರುತುಗಳೇ ಹೋದಂತೆ. ತುಕ್ಕಿದ್ದರೂ ಹಾಗೇ ಇರಲಿ.

ನಿಮ್ಮ ಅಜ್ಜನ ಕೈಗೆ ಇದು ಸಿಕ್ಕಿರುವುದು ಸಾಧ್ಯ. 1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಜರ್ಮನ್ ಮತ್ತು ಇಟಾಲಿಯನ್ ಪಡೆಗಳು ಶರಣಾದಾಗ 2 ಲಕ್ಷಕ್ಕೂ ಜಾಸ್ತಿ ಸೈನಿಕರು ಸೆರೆ ಸಿಕ್ಕರು. ಅವರ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ನಮ್ಮ 4ನೇ ಭಾರತೀಯ ಡಿವಿಷನ್ನಿಗೆ. ಗೆದ್ದವರ ಜೇಬಿಗೆ ಪದಕ, ಬೆಲ್ಟ್, ಬ್ಯಾಡ್ಜುಗಳು ಸೇರಿದ್ದು ಸಹಜ. ಆದರೆ ಸಾಧ್ಯ ಎಂದಷ್ಟಕ್ಕೆ ಸಾಬೀತಾಗುವುದಿಲ್ಲ. ಈ ವ್ಯಾಪಾರದಲ್ಲಿ ಪ್ರತಿ ನಕಲಿ ಪದಕದ ಹಿಂದೆಯೂ ಒಬ್ಬ ಅಜ್ಜ ಇರುತ್ತಾನೆ! ಆದ್ದರಿಂದ ಕಥೆಯನ್ನು ಪಕ್ಕಕ್ಕಿಟ್ಟು ವಸ್ತುವನ್ನು ನೋಡೋಣ.

ರಿಬ್ಬನ್ ಹಾಕುವ ಬಳೆ ಇದ್ದರೆ ಅದು ಎರಡನೇ ದರ್ಜೆಯದು. ಹಿಂದೆ ಪಿನ್ ಇದ್ದರೆ ಮೊದಲ ದರ್ಜೆ. ಎರಡನೇ ದರ್ಜೆಯದಾದರೆ ಹಿಂಬದಿಯ ಕೆಳತೋಳಿನಲ್ಲಿ 1813 ಎಂದಿರಬೇಕು, ಅದು ಈ ಪದಕ ಹುಟ್ಟಿದ ವರ್ಷ. ಅಗಲ ಸುಮಾರು 44 ಮಿಲಿಮೀಟರ್. ಒಳಗೆ ಕಪ್ಪು ಬಣ್ಣದ ಕಬ್ಬಿಣದ ತಿರುಳು. ಅದನ್ನು ಹಿಂದೆ ಮುಂದೆ ಹಿಡಿದುಕೊಂಡಿರುವುದು ಬೆಳ್ಳಿಯ ಅಥವಾ ಬೆಳ್ಳಿ ಬಣ್ಣದ ಲೋಹದ ಎರಡು ಚೌಕಟ್ಟುಗಳು. ಆ ಎರಡನ್ನೂ ಅಂಚಿನಲ್ಲಿ ಬೆಸುಗೆ ಹಾಕಿರುತ್ತಾರೆ. ಹಾಗಾಗಿ ಆಯಸ್ಕಾಂತ ಹಿಡಿದರೆ ನಡುಭಾಗ ಅಂಟಬೇಕು. ಅಂಟದಿದ್ದರೆ ಅನುಮಾನ ಪಡಿ. ಹಿತ್ತಾಳೆ ತಿರುಳಿನ ಅಸಲಿಗಳೂ ಇವೆ, ಆದರೆ ಅಪರೂಪ. ಅಂಟಿದ ಮಾತ್ರಕ್ಕೆ ಖುಷಿ ಪಡುವುದೂ ಬೇಡ, ನಕಲಿ ಮಾಡುವವರಿಗೂ ಕಬ್ಬಿಣ ಸಿಗುತ್ತದೆ.

ಹೆಚ್ಚು ಹೇಳುವುದು ಭೂತಗನ್ನಡಿ. ಚಿನಿವಾರರು ಕಣ್ಣಿಗಿಟ್ಟುಕೊಳ್ಳುತ್ತಾರಲ್ವಾ, 10 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು, ಅದು ಸಾಕು. ಅಸಲಿಯನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಚೌಕಟ್ಟಿನ ಮಣಿಸಾಲು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ, 1939ರ ಅಂಕಿಗಳ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಮಣಿಗಳು ಒಂದಕ್ಕೊಂದು ಕರಗಿದಂತಿರುತ್ತವೆ, ಮೇಲೆ ಸಣ್ಣ ಗುಳಿಗಳು ಬಿದ್ದಿರುತ್ತವೆ. ಅಂಚಿನ ಬೆಸುಗೆ ಗೆರೆಯನ್ನೂ ನೋಡಿ. ಅಂಥ ಗೆರೆಯೇ ಇಲ್ಲದಿದ್ದರೆ ಇಡೀ ಪದಕ ಒಂದೇ ತುಂಡು ಎಂದರ್ಥ. ಅಂಥದ್ದು ಬಹುಪಾಲು ನಕಲಿಯೇ.

ಬಳೆಯ ಮೇಲೆ ತಯಾರಕರ ಅಂಕಿ ಇರಬಹುದು. 4 ಎಂದಿದ್ದರೆ ಲ್ಯೂಡೆನ್‌ಶೈಡ್ ಊರಿನ ಸ್ಟೈನ್‌ಹಾವರ್ ಉಂಡ್ ಲ್ಯೂಕ್. ಅಂಕಿಯೇ ಇಲ್ಲದ ಅಸಲಿಗಳು ಬೇಕಾದಷ್ಟಿವೆ, ಅಂಕಿ ಇರುವ ನಕಲಿಗಳೂ ಅಷ್ಟೇ. ರಿಬ್ಬನ್ನನ್ನು ಕತ್ತಲಲ್ಲಿ ಯುವಿ ಟಾರ್ಚ್ ಕೆಳಗೆ ಹಿಡಿದಾಗ ಬೆಳ್ಳಗೆ ಹೊಳೆದರೆ ಯುದ್ಧದ ನಂತರದ ದಾರ ಇರಬಹುದು. ಆದರೆ ಯಾರೋ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹಾಗೇ ಹೊಳೆಯುತ್ತದೆ. ಸುಮ್ನೆ ಅದೊಂದನ್ನೇ ನಂಬಬೇಡಿ.

ಇನ್ನು ನಿಮ್ಮ ಅಜ್ಜನ ಕಥೆಗೆ ಬರೋಣ. ಅದನ್ನು ಗಟ್ಟಿ ಮಾಡುವುದು ಜರ್ಮನ್ ಪದಕವಲ್ಲ, ಅವರದ್ದೇ ಪದಕಗಳು. ಉತ್ತರ ಆಫ್ರಿಕಾದ ಯುದ್ಧಕ್ಕೆ ಹೋದವರಿಗೆ ಸಿಕ್ಕ ಪದಕ ಆಫ್ರಿಕಾ ಸ್ಟಾರ್. ಬ್ರಿಟಿಷ್ ಸೈನಿಕರಿಗೆ ಅದನ್ನು ಕೊಟ್ಟಾಗ ಹೆಸರು ಕೆತ್ತಿರಲಿಲ್ಲ. ಭಾರತೀಯರಿಗೆ ಕೊಟ್ಟದ್ದರಲ್ಲಿ ಸೈನಿಕನ ನಂಬರು, ಹೆಸರು, ಪಡೆ ಕೆತ್ತಿದ್ದಾರೆ. ಟ್ರಂಕಿನಲ್ಲಿ ಅದಿದ್ದರೆ ತಿರುಗಿಸಿ ನೋಡಿ. ಆ ನಂಬರು ಹಿಡಿದು ಬೆಂಗಳೂರಿನಲ್ಲೇ ಇರುವ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆಯಬಹುದು. ಆಫ್ರಿಕಾ ಸ್ಟಾರ್, ಐರನ್ ಕ್ರಾಸ್ ಎರಡನ್ನೂ ಒಂದೇ ಫ್ರೇಮಿನಲ್ಲಿಡಿ, ಬೇರೆ ಬೇರೆ ಮಾರಬೇಡಿ.

ಪ್ರಶ್ನೆ: ಇಲ್ಲಿನ ಸಂತೆಯೊಂದರಲ್ಲಿ ಜರ್ಮನ್ ಹೆಲ್ಮೆಟ್ ನೋಡಿದೆ. ಒಂದು ಬದಿಗೆ ಹದ್ದು, ಇನ್ನೊಂದು ಬದಿಗೆ ಮೂರು ಬಣ್ಣದ ಗುರಾಣಿ. 1942ರ ಮಾದರಿ, ಯುದ್ಧದಲ್ಲಿ ಬಳಸಿದ್ದು ಎಂದರು. ಜೊತೆಗೆ ಮಣ್ಣು ಮೆತ್ತಿದ ಸೈನಿಕನ ಗುರುತಿನ ಬಿಲ್ಲೆಯನ್ನೂ ಕೊಡುತ್ತಾರಂತೆ. ಕೊಳ್ಳಬಹುದಾ?
– ಸ್ಟುಟ್‌ಗಾರ್ಟ್‌ನಲ್ಲಿರುವ ಕನ್ನಡಿಗರು

ಉತ್ತರ: ಹೆಲ್ಮೆಟ್ ಬಗ್ಗೆ ಅವರೇ ಸುಳಿವು ಕೊಟ್ಟಿದ್ದಾರೆ. ಮೂರು ಬಣ್ಣದ ಗುರುತನ್ನು ಜರ್ಮನ್ ಸೇನೆ 1940ರಲ್ಲೇ ಕೈಬಿಟ್ಟಿತ್ತು. ಅಂಚನ್ನು ಒಳಕ್ಕೆ ಮಡಿಸದೆ ಹೊರಕ್ಕೆ ಚಾಚಿ ಬಿಟ್ಟ 1942ರ ಮಾದರಿಯ ಮೇಲೆ ಅದು ಹೇಗೆ ಬರುತ್ತದೆ? ಯಾರೋ ಬೆಲೆ ಏರಿಸಲು ಅಂಟಿಸಿದ್ದಾರೆ. ಗೀರುಗಳನ್ನೂ ನೋಡಿ. ಹಳೆಯ ಗೀರು ಬಣ್ಣ, ಚಿತ್ರ ಎರಡನ್ನೂ ಸೀಳಿಕೊಂಡು ಹೋಗಿರಬೇಕು. ಗೀರಿನ ಮೇಲೆ ಚಿತ್ರ ಕೂತಿದ್ದರೆ ಅದು ಆಮೇಲಿನದು. ಒಳಗಡೆ ಅಂಚಿನ ಹತ್ತಿರ ಕ್ಯೂ ಎಂಬ ಅಕ್ಷರ, ಜೊತೆಗೆ ಅಳತೆಯ ಅಂಕಿ ಇದೆಯಾ ನೋಡಿ. ಇದ್ದರೆ ಅದನ್ನು ಮಾಡಿದ್ದು ನಿಮ್ಮ ಪಕ್ಕದ ಎಸ್ಲಿಂಗನ್ನಿನ ಕ್ವಿಸ್ಟ್ ಕಾರ್ಖಾನೆ. ಬರಿಯ ಹೆಲ್ಮೆಟ್ಟಿನ ಬೆಲೆಗೆ ಕೊಟ್ಟರೆ ತಗೊಳ್ಳಿ. ಜರ್ಮನಿಯಲ್ಲಿ ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ, ಆದರೆ ಸ್ವಸ್ತಿಕವನ್ನಾಗಲಿ ಎಸ್‌ಎಸ್ ಗುರುತನ್ನಾಗಲಿ ಸಾರ್ವಜನಿಕವಾಗಿ ತೋರಿಸುವುದು ಅಲ್ಲಿನ ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಫೇಸ್‌ಬುಕ್ಕಿಗೆ ಫೋಟೊ ಹಾಕುವ ಮುಂಚೆ ಇದು ನೆನಪಿರಲಿ.

ಬಿಲ್ಲೆಯನ್ನು ಮಾತ್ರ ಮುಟ್ಟಬೇಡಿ. ಅದರ ಮಧ್ಯೆ ಸೀಳುಗಳಿರುತ್ತವೆ. ಸೈನಿಕ ಸತ್ತಾಗ ಅರ್ಧ ಮುರಿದುಕೊಂಡು ಸಾವನ್ನು ದಾಖಲಿಸುತ್ತಿದ್ದರು, ಉಳಿದರ್ಧ ಶವದ ಜೊತೆ ಇರುತ್ತಿತ್ತು. ಮಣ್ಣಿನಿಂದ ಇಡಿಯಾಗಿ ಬಂದದ್ದು ಎಂದರೆ, ಎಷ್ಟೋ ಸಲ, ಯಾರ ಲೆಕ್ಕಕ್ಕೂ ಸಿಗದೆ ಹೋದ ಒಬ್ಬ ಸತ್ತವನ ಮೈಮೇಲಿಂದ ಕಿತ್ತದ್ದು. ಆ ಮೂಳೆಗಳಿಗೆ ಹೆಸರು ಕೊಡಲು ಉಳಿದಿದ್ದ ದಾರಿ ಅದೊಂದೇ. ಜರ್ಮನ್ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆ ಇವತ್ತಿಗೂ ಇಂಥ ಬಿಲ್ಲೆಗಳಿಂದ ಸತ್ತವರನ್ನು ಗುರುತಿಸುತ್ತಿದೆ. ಬಿಲ್ಲೆಯ ಮೇಲಿನ ಬರಹದ ಫೋಟೊ ತೆಗೆಯಲು ಮಾರುವವರು ಬಿಟ್ಟರೆ ಆ ಸಂಸ್ಥೆಗೆ ಕಳಿಸಿ.

ಪ್ರಶ್ನೆ: ನೇತಾಜಿ ಜರ್ಮನಿಯಲ್ಲಿದ್ದಾಗ ಕೊಡಿಸಿದ ಆಜಾದ್ ಹಿಂದ್ ಪದಕ ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ. ತಗೊಳ್ಳಲಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅವಸರ ಬೇಡ. 1942ರಲ್ಲಿ ಬೋಸರು ಸ್ಥಾಪಿಸಿದ ಈ ಪದಕಗಳನ್ನು ಮಾಡಿದ್ದು ವಿಯೆನ್ನಾದ ರುಡಾಲ್ಫ್ ಸೂವಾಲ್ ಕಂಪನಿ. ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕ ಭಾರತೀಯರಿಂದ ಕಟ್ಟಿದ ಫ್ರೀ ಇಂಡಿಯಾ ಲೀಜನ್‌ನವರು ಇವನ್ನು ಧರಿಸಿದ್ದರು. ತೊಡಕೇನೆಂದರೆ ಅದೇ ಕಂಪನಿ ಯುದ್ಧ ಮುಗಿದ ಮೇಲೂ ಸಂಗ್ರಾಹಕರಿಗಾಗಿ ಪದಕಗಳನ್ನು ಒತ್ತುತ್ತಲೇ ಇತ್ತು. ಕಂಪನಿ ಅದೇ, ಕಾಲ ಬೇರೆ. ಇಂಥದ್ದನ್ನು ಫೋಟೊ ನೋಡಿ ಹೇಳಲು ನಾನಂತೂ ಒಪ್ಪುವುದಿಲ್ಲ. ಪದಕದ ಜೊತೆ ಪಡೆದವರ ಕಾಗದಪತ್ರ ಇದೆಯಾ ಕೇಳಿ, ಪರೀಕ್ಷೆ ಮಾಡಿಸಿ ವಾಪಸ್ ಕೊಡುವ ಅವಕಾಶ ಇದೆಯಾ ಕೇಳಿ. ಎರಡಕ್ಕೂ ಇಲ್ಲ ಎಂದರೆ ನಕಲಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ.