ಮಿದುಳಿನ ಗಡ್ಡೆಗೆ ಅಲ್ಟ್ರಾಸೌಂಡ್: ಅಡಿಕೆ ತೋಟ ಮಾರಬೇಕೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಮಿದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಮುಗಿದು ಈಗ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ ನಡೆಯುತ್ತಿದೆ. ಅಲ್ಟ್ರಾಸೌಂಡ್ ಬಳಸಿ ಮಿದುಳಿಗೆ ಔಷಧ ತಲುಪಿಸುತ್ತಾರಂತೆ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಇದೇ ಏನು? ಇದಕ್ಕಾಗಿ ಅಡಿಕೆ ತೋಟ ಮಾರಲೂ ಸಿದ್ಧನಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ತೋಟ ಮಾರುವ ಮಾತನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ಏಕೆಂದು ಹೇಳುತ್ತೇನೆ.

ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಇದೇ ರಕ್ತ–ಮಿದುಳು ತಡೆಗೋಡೆ. ವಿಷ, ಸೋಂಕುಗಳನ್ನು ತಡೆಯುವ ಈ ಬೇಲಿ ಬಹುಪಾಲು ಕ್ಯಾನ್ಸರ್ ಔಷಧಗಳನ್ನೂ ಹೊರಗೇ ನಿಲ್ಲಿಸುತ್ತದೆ. ಗಡ್ಡೆಯ ನಡುಭಾಗದಲ್ಲಿ ಬೇಲಿ ಹರಿದಿರುವುದುಂಟು. ಆದರೆ ಶಸ್ತ್ರವೈದ್ಯರ ಕೈಗೆ ಸಿಗದ ಕ್ಯಾನ್ಸರ್ ಕೋಶಗಳು ಸುತ್ತಲಿನ ಮಿದುಳಿನೊಳಗೆ, ಬೇಲಿ ಗಟ್ಟಿಯಾಗಿರುವ ಕಡೆಯೇ ಅಡಗಿರುತ್ತವೆ. ಗಡ್ಡೆ ಮರುಕಳಿಸುವುದು ಹೆಚ್ಚಾಗಿ ಅಲ್ಲಿಂದಲೇ. ನನ್ನಂಥ ವೈದ್ಯರನ್ನು ಬಹಳ ನೋಯಿಸುವ ಸಂಗತಿ ಇದು.

ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಧ್ವನಿಯ ಅಲೆ ಚಿತ್ರ ತೆಗೆಯುತ್ತದೆ. ಇಲ್ಲಿ ಅದೇ ಬಗೆಯ ಅಲೆಗೆ ಬೇರೆ ಕೆಲಸ. ಮೊದಲು ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಅನಿಲದ ಗುಳ್ಳೆಗಳನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಅಲೆಗಳನ್ನು ಬೇಕಾದ ಜಾಗಕ್ಕೆ ಗುರಿಯಿಟ್ಟಾಗ ಅಲ್ಲಿನ ಗುಳ್ಳೆಗಳು ಹಿಗ್ಗಿ ಕುಗ್ಗಿ ನಾಳದ ಗೋಡೆಯನ್ನು ಒಳಗಿನಿಂದ ಒತ್ತುತ್ತವೆ, ಬಿಗಿದ ಸಂದುಗಳು ಸ್ವಲ್ಪ ಸಡಿಲವಾಗುತ್ತವೆ. 2001ರಲ್ಲಿ ಕುಲ್ಲೆರ್ವೊ ಹುನುನೆನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮೊಲಗಳಲ್ಲಿ ಇದನ್ನು ತೋರಿಸಿದರು. 2015ರಲ್ಲಿ ಟೊರಾಂಟೊದ ಸನ್ನಿಬ್ರುಕ್ ಆಸ್ಪತ್ರೆಯಲ್ಲಿ, ತಲೆಬುರುಡೆ ತೆರೆಯದೆಯೇ, ಗಡ್ಡೆಯಿದ್ದ ರೋಗಿಯೊಬ್ಬರ ಮೇಲೆ ಮೊದಲ ಪ್ರಯೋಗ ನಡೆಯಿತು.

ಇನ್ನೊಂದು ದಾರಿಯೂ ಇದೆ. ಶಸ್ತ್ರಚಿಕಿತ್ಸೆಯ ವೇಳೆ ಬುರುಡೆಯಲ್ಲೇ ಚಿಕ್ಕ ಅಲ್ಟ್ರಾಸೌಂಡ್ ಸಾಧನ ಕೂರಿಸುವುದು. ಷಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡ್ಡೆ ಮರುಕಳಿಸಿದ್ದ 17 ಮಂದಿಗೆ ಹೀಗೆ ಮಾಡಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ಕೊಟ್ಟರು. ತಡೆಗೋಡೆ ತೆರೆದ ಭಾಗದಲ್ಲಿ ಔಷಧದ ಪ್ರಮಾಣ ಸುಮಾರು ನಾಲ್ಕು ಪಟ್ಟು ಏರಿತ್ತು. ತಡೆಗೋಡೆ ಬಹುಮಟ್ಟಿಗೆ ಒಂದು ಗಂಟೆಯೊಳಗೇ ಮುಚ್ಚಿಕೊಳ್ಳುತ್ತದೆ ಎಂಬುದೂ ತಿಳಿಯಿತು. ಔಷಧವನ್ನು ತಡಮಾಡದೆ ಹರಿಸಬೇಕು. ಪ್ರತಿ ಸರದಿಗೂ ಮತ್ತೆ ತೆರೆಯಬೇಕು.

ಇದನ್ನು ಓದಿ ನಿಮಗೆ ಆಸೆ ಮೂಡಿದರೆ ಅದು ಸಹಜ, ನನಗೂ ಮೂಡಿದೆ. ಆದರೆ ಅಲ್ಟ್ರಾಸೌಂಡ್ ತೆರೆಯುವುದು ದಾರಿಯನ್ನಷ್ಟೇ. ಒಳಹೊಕ್ಕ ಔಷಧಕ್ಕೆ ಆ ಗಡ್ಡೆಯನ್ನು ಕೊಲ್ಲುವ ಶಕ್ತಿ ಇರಬೇಕು, ಮಿದುಳು ಅದನ್ನು ತಾಳಿಕೊಳ್ಳಬೇಕು. ಆಯಸ್ಸು ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ 17 ಜನರ ಅಧ್ಯಯನ ಉತ್ತರ ಕೊಡಲಾರದು. ಹಾಗಾಗಿ ಇದು ಇನ್ನೂ ಪ್ರಯೋಗವೇ ಹೊರತು ಹಣ ಕೊಟ್ಟು ಕೊಳ್ಳುವ ಚಿಕಿತ್ಸೆಯಲ್ಲ.

ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆ ಕೇಳಿ. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯೇ ಹೇಳುತ್ತದೆ. ತಂದೆಯವರ ಎಂಆರ್‌ಐ ಮತ್ತು ಬಯಾಪ್ಸಿ ವರದಿಗಳನ್ನು ನರ ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಅವರಿಗೆ ಹೊಂದುವ ಪ್ರಯೋಗ ಇದೆಯೇ ವಿಚಾರಿಸಿ. ಅಲ್ಲಿಯವರೆಗೆ ಟೆಮೊಜೊಲೊಮೈಡನ್ನು ನೀವಾಗಿಯೇ ನಿಲ್ಲಿಸಬೇಡಿ, ರಕ್ತಪರೀಕ್ಷೆಯ ದಿನ ತಪ್ಪಿಸಬೇಡಿ.